ರೇಷನ್ ಕಾರ್ಡಿನ ನಾಲ್ಕನೇ ಸಾಲು

ಹಾಸ್ಟೆಲ್ಲಿನ ಅಡುಗೆಮನೆಯ ಬಾಗಿಲಿಗೆ ಆ ನೋಟೀಸು ಅಂಟಿಸಿದ ದಿನ ಬೆಳಗಿನ ತಿಂಡಿಗೆ ಉಪ್ಪಿಟ್ಟು. ಅಡುಗೆಯಾಕೆ ರಜೆ ಹಾಕಿದ್ದಳು, ಸೌಟು ನನ್ನ ಕೈಯಲ್ಲಿತ್ತು. ಓದಿ ತಿರುಗುವಷ್ಟರಲ್ಲಿ ತಳ ಹತ್ತಿತ್ತು. ಎಪ್ಪತ್ತು ಹುಡುಗಿಯರು ಸೀದ ಉಪ್ಪಿಟ್ಟನ್ನು ಗೊಣಗುತ್ತಲೇ ತಿಂದು ಶಾಲೆಗೆ ಹೋದರು. ನಾನು ಪಾತ್ರೆಯ ಮುಂದೆ ಕೂತು ಕರಕಲು ಕೆರೆಯುತ್ತ ಆ ಕಾಗದದಲ್ಲಿದ್ದುದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿಕೊಂಡೆ.

ಜಹೀರಾಬಾದಿನ ಈ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ಹನ್ನೊಂದು ವರ್ಷದಿಂದ ವಾರ್ಡನ್. ಟೆಂಪರರಿ ವಾರ್ಡನ್. ಇದನ್ನು ನಡೆಸುವ ಸಂಸ್ಥೆಗೆ ನಾರಾಯಣಖೇಡದಲ್ಲಿ, ತಾಂಡೂರಿನಲ್ಲಿ ಇನ್ನೆರಡು ಹಾಸ್ಟೆಲ್ಲುಗಳಿವೆ. ಮುಖ್ಯ ಆಫೀಸು ತಾಂಡೂರಿನದು. ನೋಟೀಸಿನಲ್ಲಿ ಇದ್ದದ್ದು ಇಷ್ಟು: ನಮ್ಮಂಥ ಟೆಂಪರರಿಯವರನ್ನೆಲ್ಲ ಕಾಯಂ ಮಾಡುತ್ತಾರೆ. ಅದಕ್ಕೆ ನಾರಾಯಣಖೇಡದಲ್ಲಿ ಒಂದು ಬರಹದ ಪರೀಕ್ಷೆ, ಅರ್ಧ ಪೇಪರು ಇಂಗ್ಲಿಷಿನದು. ಪಾಸಾದವರು ಅಸಲು ಕಾಗದಪತ್ರ ಹಿಡಿದು ತಾಂಡೂರಿಗೆ ಹೋಗಬೇಕು. ಇವೆರಡರಲ್ಲಿ ಯಾವುದರಲ್ಲಿ ಸೋತರೂ ಈ ವರ್ಷದ ಶಾಲೆ ಮುಗಿದ ದಿನವೇ ನಮ್ಮ ಕೆಲಸವೂ ಮುಗಿಯಿತು.

ನನಗೆ ನಲವತ್ತಾರು. ಮನೂರ್ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋದವಳು. ಇಂಗ್ಲಿಷ್ ನನಗೆ ಹತ್ತನೆಯ ತರಗತಿಯಲ್ಲಿ ಹೇಗೋ ದಾಟಿದ ಹಳ್ಳ; ದಾಟಿದ ಮೇಲೆ ಹಿಂದಿರುಗಿ ನೋಡಿರಲಿಲ್ಲ. ಯಾವ ಹುಡುಗಿಗೆ ಯಾವ ದಿನ ಜ್ವರ ಬಂತು, ಯಾರು ಬೇಳೆ ಬಿಟ್ಟು ಬರೀ ಅನ್ನ ತಿಂದರು, ಯಾರ ತಲೆಗೆ ಎಣ್ಣೆಯಿಲ್ಲ, ಇವೆಲ್ಲ ಕೇಳಿದರೆ ತಿಂಗಳ ಹಿಂದಿನದನ್ನೂ ಹೇಳಬಲ್ಲೆ. ಇಂಗ್ಲಿಷಿನಲ್ಲಿ ಹೇಳೆಂದರೆ ಒಂದು ಸಾಲೂ ಬಾರದು.

ಸಂಜೆ ಐದಕ್ಕೆ ಹುಡುಗಿಯರಿಗೆ ಪಾಠ ಹೇಳಲು ಬರುವ ಇಂಗ್ಲಿಷ್ ಮೇಡಂ ಬೀದರಿನವರು, ನನಗಿಂತ ಹತ್ತು ವರ್ಷ ಚಿಕ್ಕವರು. ಅವರ ಮುಂದೆ ನೋಟೀಸು ಹಿಡಿದು ನಿಂತೆ.

"ಕೂಡ್ರಿ ಅಕ್ಕಾರ. ಲುಕ್ ಅಂದ್ರ ಏನ್ರಿ?"

"ನೋಡೋದು."

"ಲುಕ್ ಆಫ್ಟರ್?"

ಆಫ್ಟರ್ ಎಂದರೆ ಆಮೇಲೆ ಎಂದು ನನಗೆ ಗೊತ್ತಿತ್ತು. ಧೈರ್ಯವಾಗಿ, "ಆಮ್ಯಾಲ ನೋಡೋದು," ಎಂದೆ.

ಮೇಡಂ ಬಾಯಿಗೆ ಸೆರಗು ಹಿಡಿದರು. "ಹನ್ನೊಂದು ವರ್ಷದಿಂದ ಈ ಹುಡುಗ್ಯಾರನ್ನ ಲುಕ್ ಆಫ್ಟರ್ ಮಾಡಾಕತ್ತೀರಿ. ಆಮ್ಯಾಲ ನೋಡಿದ್ರಾತು ಅಂತ ಬಿಟ್ಟಿದ್ರ ಇವು ಉಳೀತಿದ್ವೇನ್ರಿ? ಲುಕ್ ಆಫ್ಟರ್ ಅಂದ್ರ ನೋಡ್ಕೊಳ್ಳೋದು."

ಹೀಗೆ ಶುರುವಾಯಿತು. ನೂರು ಪುಟದ ಒಂದು ಪುಸ್ತಕ ತಂದು ಪುಟಕ್ಕೊಂದು ಕ್ರಿಯಾಪದ ಬರೆದೆ. ತಲೆಗೆ ಮೂಲ ಮಾತು, ಕೆಳಗೆ ಅದರ ಬೆನ್ನಿಗೆ ಒಂದೊಂದು ಚೂರು ಸೇರಿ ಆದ ಮಾತುಗಳು. ಗಿವ್ ಎಂದರೆ ಕೊಡು; ಗಿವ್ ಅಪ್ ಎಂದರೆ ಆಸೆ ಬಿಡು, ಕೈ ಚೆಲ್ಲು. ರನ್ ಎಂದರೆ ಓಡು; ರನ್ ಔಟ್ ಆಫ್ ಎಂದರೆ ಓಡುವವರು ಯಾರೂ ಇಲ್ಲ, ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ. ಪುಟ್ ಎಂದರೆ ಇಡು. ಪುಟ್ ಅಪ್ ವಿತ್ ಎಂದರೆ ಸಹಿಸಿಕೊಂಡು ಇರು. ಅಪ್ ಎಂದರೆ ಮೇಲೆ, ವಿತ್ ಎಂದರೆ ಜೊತೆಗೆ. ಇಡು, ಮೇಲೆ, ಜೊತೆಗೆ ಎಂಬ ಮೂರನ್ನು ಕೂಡಿಸಿದರೆ ಸಹನೆ ಹೇಗೆ ಬರುತ್ತದೆಂದು ಕೇಳಿದೆ. "ಅದ್ಯಾಕ ಕೇಳ್ತೀರಿ, ಸೊಸೆಂದಿರಿಗೆ ಬರೋಬ್ಬರಿ ಮಾತು ಅಂತ ತಿಳೀರಿ," ಎಂದರು ಮೇಡಂ.

ನಗುವಿನ ಮಾತು ನಗುವಿನಲ್ಲೇ ಹೋಯಿತು. ಒಬ್ಬಳೇ ಕೂತು ಓದುವಾಗ ಮಾತ್ರ ಅಂಜಿಕೆ ಹತ್ತುತ್ತಿತ್ತು. ಗೊತ್ತಿಲ್ಲದ ಮಾತಿಗೆ ಯಾರೂ ಅಂಜುವುದಿಲ್ಲ, ಗೊತ್ತಿಲ್ಲ ಎಂದು ಬಿಟ್ಟರಾಯಿತು. ಇವು ಗೊತ್ತಿದ್ದವು. ದಿನಾ ಮಾತಾಡಿಸುವ ನೆರೆಮನೆಯಾಕೆ ಒಂದು ಬೆಳಿಗ್ಗೆ ನನ್ನನ್ನು ಗುರುತೇ ಇಲ್ಲದಂತೆ ನೋಡಿದ ಹಾಗೆ, ಗೊತ್ತಿದ್ದ ಮಾತೇ ಬೆನ್ನಿಗೊಂದು ಚೂರು ಕಟ್ಟಿಕೊಂಡು ಅಪರಿಚಿತವಾಗಿ ನಿಲ್ಲುತ್ತಿತ್ತು. ಪಾಸ್ ಎಂಬುದು ನನಗೆ ಆಗ ಎಲ್ಲಕ್ಕಿಂತ ಬೇಕಾಗಿದ್ದ ಮಾತು. ಅದರ ಪುಟದಲ್ಲಿ ಎರಡನೆಯ ಸಾಲು ಪಾಸ್ ಅವೇ. ಸಾಯುವುದು ಎಂದು ಅದರ ಅರ್ಥ ಬರೆದುಕೊಂಡ ದಿನ ಆ ಪುಟವನ್ನು ಅಲ್ಲಿಗೇ ಮುಚ್ಚಿಟ್ಟೆ.

ಆಮೇಲೆ ಒಂದು ದಿನ ಅಕ್ಕಿ ಆರಿಸುತ್ತಿದ್ದಾಗ ಹೊಳೆಯಿತು. ನಮ್ಮಲ್ಲೂ ಹೀಗೆಯೇ ಅಲ್ಲವೇ? ನೋಡು ಬೇರೆ, ನೋಡಿಕೋ ಬೇರೆ. ಕೆಲಸ ತೀರಿತು ಎಂದರೆ ನೆಮ್ಮದಿ. ಯಾರೋ ತೀರಿಕೊಂಡರು ಎಂದರೆ ಎದೆ ಒಡೆಯುತ್ತದೆ. ಹುಟ್ಟಿದಾಗಿನಿಂದ ಆಡುತ್ತಿದ್ದೇನೆ, ಒಮ್ಮೆಯೂ ಲೆಕ್ಕಕ್ಕೆ ಬಂದಿರಲಿಲ್ಲ. ಮೇಡಂಗೆ ಹೇಳಿದರೆ ಅವರು ಬೆರಗಾಗಿ, "ಅಕ್ಕಾರ, ಇದು ನನಗ್ಯಾರೂ ಹೇಳಿಕೊಟ್ಟಿದ್ದಿಲ್ಲ ನೋಡ್ರಿ," ಎಂದರು. ಹೇಳು ಬೇರೆ, ಹೇಳಿಕೊಡು ಬೇರೆ. ಅದನ್ನೂ ಪುಸ್ತಕದಲ್ಲಿ ಬರೆದೆ.

ಈಗ ನನ್ನ ಹೆಸರಿನ ವಿಷಯ ಹೇಳಬೇಕು. ಹೆಸರು ಹೇಳುವುದಿಲ್ಲ, ವಿಷಯವಷ್ಟೇ.

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ಹಿತ್ತಾಳೆಯ ಪರಾತದಲ್ಲಿ ಅಕ್ಕಿ ಹರವಿ, ಗಂಡು ಉಂಗುರದ ತುದಿಯಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಹೆಸರು ಆರಿಸುವುದು ಅತ್ತೆ. ನನ್ನ ಗಂಡ ಬರೆದ ಹೆಸರನ್ನು ಹಿರಿಯರೊಬ್ಬರು ಗಟ್ಟಿಯಾಗಿ ಓದಿದಾಗ ಗಂಡಿನ ಕಡೆಯವರೆಲ್ಲ ಒಮ್ಮೆಲೇ ಸುಮ್ಮನಾದರು. ಹೊಸ ಮದುಮಗಳಿಗೆ ಅದು ಏನೆಂದು ತಿಳಿಯಬೇಕು? ಚೆಂದದ ಹೆಸರು ಎಂದುಕೊಂಡೆ.

ಮೂರನೆಯ ದಿನ ಪಕ್ಕದ ಮನೆಯ ಮುದುಕಿ ನನ್ನ ಗಲ್ಲ ಹಿಡಿದು, "ಮಗಳ ಹೆಸರೇ ಇಟ್ಟಾಳಲ್ಲ ನಿಮ್ಮತ್ತಿ," ಎಂದಳು. ಅತ್ತೆಗೆ ಇಬ್ಬರು ಮಕ್ಕಳು. ಒಬ್ಬ ನನ್ನ ಗಂಡ. ಅವನ ಬೆನ್ನಿಗೆ ಹುಟ್ಟಿದ ಹುಡುಗಿ ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಹೋದಳಂತೆ. ಬದುಕಿದ್ದರೆ ನನಗಿಂತ ಮೂರು ವರ್ಷ ದೊಡ್ಡವಳು. ಆ ಹೆಸರು ನನ್ನದಾಗಿತ್ತು.

ಅತ್ತೆ ಕೆಟ್ಟವಳಲ್ಲ. ಆಕೆ ಕೆಟ್ಟ ಮಾತನ್ನು ಬಾಯಿಗೆ ತಾರದ ಹೆಂಗಸು. ಆಕೆಯ ಬಾಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾಳೆ. ಮಗಳ ಬಗ್ಗೆ ಏನೂ ಹೇಳುತ್ತಿರಲಿಲ್ಲ, ಸತ್ತಳೆಂದು ಕೂಡ. ಮಧ್ಯಾಹ್ನದ ಹೊತ್ತು ಅಂಗಳದಲ್ಲಿ ನಿಂತು ಆ ಹೆಸರು ಹಿಡಿದು ಉದ್ದಕ್ಕೆ ಕೂಗುವಳು. ಒಳಗೆ ಒಲೆಯ ಮುಂದೆ ಕೂತ ನನಗೆ ಎದೆ ಧಸಕ್ಕೆನ್ನುತ್ತಿತ್ತು. ತಕ್ಷಣ ಓ ಎನ್ನುತ್ತಿರಲಿಲ್ಲ. ಒಂದು ಉಸಿರು ಕಾಯುತ್ತಿದ್ದೆ. ಬೇರೆ ಯಾರಾದರೂ ಓ ಎಂದುಬಿಟ್ಟರೆ? ಯಾರೂ ಅನ್ನದಿದ್ದಾಗ ನಾನು ಎನ್ನುತ್ತಿದ್ದೆ. ಇಪ್ಪತ್ತಾರು ವರ್ಷವಾದರೂ ಆ ಒಂದು ಉಸಿರಿನ ರೂಢಿ ಹೋಗಿಲ್ಲ.

ನಾರಾಯಣಖೇಡದ ಪರೀಕ್ಷೆಗೆ ಬೆಳಗಿನ ಬಸ್ಸಿಗೆ ಹೋದೆ. ಮಾರ್ಕೆಟ್ಟಿನ ಮುಂದೆ ತೊಗರಿ ಮೂಟೆಗಳ ಟ್ರಾಕ್ಟರುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಇಳಿದು ನಡೆದೆ; ತಡವಾಯಿತೆಂದು ಓಡಿದೆ. ಪೇಪರು ಕೈಗೆ ಬಂದಾಗ ಅಕ್ಷರಗಳು ಇರುವೆಗಳ ಹಾಗೆ ಹರಿದಾಡಿದವು. ಕಣ್ಣು ಮುಚ್ಚಿ ಹಾಸ್ಟೆಲ್ಲಿನ ಹುಡುಗಿಯರನ್ನು ಹಾಸಿಗೆಯ ಸಾಲಿನಂತೆ ಒಬ್ಬೊಬ್ಬರನ್ನಾಗಿ ನೆನೆದೆ. ತೆರೆದಾಗ ಇರುವೆಗಳು ನಿಂತಿದ್ದವು. ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿ ಲುಕ್ ಇತ್ತು, ಮುಂದೆ ಗೆರೆ. ಆಫ್ಟರ್ ಎಂದು ಬರೆದೆ. ಸ್ಟ್ರೈಕ್ ಇತ್ತು. ಸ್ಟ್ರೈಕ್ ಎಂದರೆ ಹೊಡಿ, ಸ್ಟ್ರೈಕ್ ಆಫ್ ಎಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕು. ಅದನ್ನೂ ಬರೆದೆ. ಬರೆಯುವಾಗ ಏನೂ ಅನ್ನಿಸಲಿಲ್ಲ.

ಪಾಸಾದೆ. ಮೇಡಂ ಹುಡುಗಿಯರಿಗೆಲ್ಲ ಪೇಡೆ ಹಂಚಿದರು. ತಾಂಡೂರಿಗೆ ಬರಬೇಕಾದ ದಿನವನ್ನು ತಿಳಿಸಿ ಕಾಗದ ಬಂತು. ಎಲ್ಲ ಕಾಗದಗಳಲ್ಲಿ ಹೆಸರು, ಹುಟ್ಟಿದ ದಿನ ಒಂದೇ ಇರತಕ್ಕದ್ದು ಎಂದು ಕೊನೆಗೆ ದಪ್ಪ ಅಕ್ಷರದಲ್ಲಿತ್ತು. ಹದಿನೈದು ದಿನ ಉಳಿದಿದ್ದವು.

ಟ್ರಂಕು ತೆರೆದು ಎಲ್ಲವನ್ನೂ ಚಾಪೆಯ ಮೇಲೆ ಹರವಿದೆ. ಹತ್ತನೆಯ ತರಗತಿಯ ಮೆಮೊದಲ್ಲಿ, ಎಂದರೆ ಅಂಕಪಟ್ಟಿಯಲ್ಲಿ, ತವರಿನ ಹೆಸರು. ಆಧಾರಿನಲ್ಲಿ, ಹಾಲ್ ಟಿಕೆಟ್ಟಿನಲ್ಲಿ ಅತ್ತೆ ಇಟ್ಟ ಹೆಸರು. ಎಲ್ಲರೂ ಕರೆಯುವ ಹೆಸರನ್ನೇ ಅರ್ಜಿಯಲ್ಲಿ ತುಂಬಿಬಿಟ್ಟಿದ್ದೆ. ಹೆಸರಿನದು ಗೊತ್ತಿದ್ದದ್ದೇ. ಹುಟ್ಟಿದ ವರ್ಷವನ್ನು ಪಕ್ಕ ಪಕ್ಕ ಇಟ್ಟು ನೋಡಿದ್ದು ಅಂದೇ. ಆಧಾರಿನಲ್ಲಿ ನಾನು ಮೂರು ವರ್ಷ ದೊಡ್ಡವಳು. ನಮ್ಮ ಓಣಿಯಲ್ಲಿ ಯಾರ ಆಧಾರಿನ ವಯಸ್ಸೂ ಸರಿಯಿಲ್ಲ, ಹಾಗೇ ಇದೂ ಇರಬೇಕೆಂದು ಇಷ್ಟು ದಿನ ಬಿಟ್ಟಿದ್ದೆ. ಮೂರು ಎಂಬುದು ಮಾತ್ರ ತಲೆಯಲ್ಲಿ ಸಿಕ್ಕಿಕೊಂಡಿತು. ಆಧಾರ್ ಮಾಡಿಸುವಾಗ ಮನೆಯವರು ಏನು ತೋರಿಸಿದ್ದರು? ಹಳೆಯ ರೇಷನ್ ಕಾರ್ಡು. ಅದು ಅತ್ತೆಯ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿತ್ತು. ಮೊದಲ ಸಾಲು ಮಾವನವರು. ಎರಡನೆಯದು ಅತ್ತೆ. ಮೂರನೆಯದು ನನ್ನ ಗಂಡ, ಸಂಬಂಧ: ಮಗ. ನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರು, ವಯಸ್ಸು, ಸಂಬಂಧದ ಅಂಕಣದಲ್ಲಿ: ಮಗಳು.

ಸೊಸೆಯಲ್ಲ, ಮಗಳು.

ಐದನೆಯ ಸಾಲೇ ಇರಲಿಲ್ಲ; ನಮಗೆ ಮಕ್ಕಳಿಲ್ಲ. ಹುಡುಗಿ ಹೋದಾಗ ಆಕೆಯ ಹೆಸರನ್ನು ಯಾರೂ ತೆಗೆಸಿರಲಿಲ್ಲ. ನಾನು ಬಂದಾಗ ನನ್ನನ್ನು ಯಾರೂ ಸೇರಿಸಿರಲಿಲ್ಲ. ಹೆಸರು ಹೇಗೂ ಅದೇ. ಆ ಸಾಲಿನ ಮೇಲೆ ನನ್ನನ್ನು ನಿಲ್ಲಿಸಿದ್ದರು. ಆಧಾರ್ ಅದನ್ನೇ ನೋಡಿ ಬರೆದುಕೊಂಡಿತ್ತು. ಹಾಗಾದರೆ ಕಾಗದದಲ್ಲಿ ಇಷ್ಟು ವರ್ಷ ಬೆಳೆದು, ನಲವತ್ತು ದಾಟಿ, ಹಾಸ್ಟೆಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದವಳು ಆ ಹುಡುಗಿ. ನಾನು ಎಲ್ಲಿಯೂ ಇರಲಿಲ್ಲ. ಹಟ್ಟಹಗಲು, ಅಂಗಳದಲ್ಲಿ ಬಿಸಿಲು ಸುಡುತ್ತಿದೆ, ನನಗೆ ಮೈಯೆಲ್ಲ ಚಳಿ.

ಟ್ರಾಕ್ಟರ್ ರಿಪೇರಿಯ ಶೆಡ್ಡಿನಿಂದ ಊಟಕ್ಕೆ ಬಂದ ಗಂಡನಿಗೆ ತೋರಿಸಿದೆ. ಗ್ರೀಸು ಹತ್ತಿದ ಬೆರಳನ್ನು ಕಾರ್ಡಿಗೆ ತಾಗಿಸದೆ ಮೇಲಿನಿಂದಲೇ ಓದಿ ನಕ್ಕ.

"ಅಂದ್ರ ಕಾಗದದಾಗ ನೀ ನನ್ನ ತಂಗಿ ಆದಿ. ಈ ಸಲ ನಾಗರಪಂಚಮಿಗಿ ಅಣ್ಣ ಅಂತ ಉಂಡಿ ಕಟ್ಟಿ ಕಳಸ್ಲೇನು?"

"ನಗಬ್ಯಾಡ್ರಿ. ನನ್ನ ನೌಕರಿ ಹೋಗ್ತದ."

ಅವನು ಕೈ ತೊಳೆಯಲು ಹೋದವನು ನೀರು ಬಿಟ್ಟುಕೊಂಡೇ ನಿಂತ. ಬಂದು ಮೆಲ್ಲಗೆ ಕೇಳಿದ: "ಅವ್ವಗ ಹೇಳಿದೇನು?"

"ಇಲ್ಲ."

"ಹೇಳಬ್ಯಾಡ."

ತಹಸೀಲ್ ಆಫೀಸಿನ ಗೇಟಿನ ಬಳಿ ಕೂತು ಅರ್ಜಿ ಬರೆಯುವವರೊಬ್ಬರಿದ್ದಾರೆ. ವಯಸ್ಸಾದವರು, ಎಲ್ಲ ಭಾಷೆ ಆಡುವವರು. ಅವರು ನನ್ನ ಕಾಗದಗಳನ್ನು ಎರಡು ಸಲ ತಿರುವಿ ಹಾಕಿ ಕನ್ನಡಕ ತೆಗೆದರು.

"ಮದಿವಿ ಆಗಿ ಹೆಸರು ಬದಲಾಗಿದ್ರ ಪರೇಶಾನಿ ಇದ್ದಿಲ್ಲವ್ವ. ಇಬ್ಬರೂ ಒಬ್ಬಾಕಿನೇ ಅಂತ ಬರದು ನೋಟರಿ ಹಾಕಸ್ತಿದ್ದೆ. ಇಲ್ಲಿ ಇಬ್ಬರೂ ಒಬ್ಬಾಕಿ ಅಲ್ಲ. ನೀ ಇನ್ನೊಬ್ಬಾಕಿ ಜಾಗಾದಾಗ ನಿಂತೀದಿ."

"ನಾ ಏನ್ ಮಾಡಿಲ್ರಿ."

"ನೀ ಮಾಡಿಲ್ಲ ಖರೇ. ಕಾಗದ ಹಂಗ ಹೇಳಂಗಿಲ್ಲ. ನೋಡಿದೋರು ಸತ್ತವರ ಹೆಸರಿನ್ಯಾಗ ನೌಕರಿ ಮಾಡ್ಯಾಳ ಅಂತಾರ." ಅವರು ನಾಲ್ಕನೆಯ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟರು. "ಈ ಕೂಸು ತೀರಿಕೊಂಡದ ಅಂತ ಆಕಿ ತಾಯಿ ಬಾಯಿಲೆ ಹೇಳಿ ಹೆಬ್ಬಟ್ಟು ಒತ್ತಬೇಕು. ಆಗ ಈ ಹೆಸರು ಸ್ಟ್ರೈಕ್ ಆಫ್ ಮಾಡಸ್ಬೋದು. ಬ್ಯಾರೆ ದಾರಿ ಇಲ್ಲ."

ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದ ಮಾತು ಅದು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಹೇಳಲು ಐದು ದಿನ ಪ್ರಯತ್ನಿಸಿದೆ. ಅತ್ತೆಯ ಎದುರು ನಿಂತು ಬೇರೇನೋ ಕೇಳಿ ಬರುತ್ತಿದ್ದೆ. "ಸಾರಿಗಿ ಉಪ್ಪು ಸಾಕೇನ್ರಿ?" "ನಿನ್ನಿನೂ ಇದೇ ಕೇಳ್ದಿ," ಎನ್ನುವಳು. ಹಾಸ್ಟೆಲ್ಲಿನಲ್ಲಿ ಹಾಜರಿ ಕರೆಯುವಾಗ ಒಬ್ಬ ಹುಡುಗಿಯ ಹೆಸರು ಹಾರಿಸಿಬಿಟ್ಟೆ. ಆಕೆ ಎದ್ದು ನಿಂತು, "ಟೀಚರ್, ನಾ ಇಲ್ಲೇ ಇದೀನ್ರಿ," ಎಂದಾಗ ನನಗೆ ಅಳುವೇ ಬಂತು. ಕೆಲಸ ಹೋದರೆ ಹೋಗಲಿ ಎಂದುಕೊಂಡರೆ ಆ ಹುಡುಗಿಯರ ಮುಖ ಕಾಣುತ್ತಿತ್ತು; ಅತ್ತೆಗೆ ಹೇಳೇಬಿಡುತ್ತೇನೆ ಎಂದುಕೊಂಡರೆ, ನನ್ನ ನೌಕರಿಗಾಗಿ ಆಕೆಯ ಮಗಳನ್ನು ಇನ್ನೊಮ್ಮೆ ಸಾಯಿಸಲು ಹೊರಟಿದ್ದೇನೆ ಎನ್ನಿಸುತ್ತಿತ್ತು.

ಆರನೆಯ ದಿನ ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮುಂದೆ ಕೂತೆ. ನಾನೂ ಒಂದು ಹಿಡಿ ತೆಗೆದುಕೊಂಡು ಹರಳು ಆರಿಸತೊಡಗಿದೆ.

"ಒಳ್ಳೆ ಬ್ಯಾಳಿ ಚೆಲ್ಲಾಕತ್ತೀದಿ," ಎಂದಳು ಅತ್ತೆ. "ಏನ್ ಆಗ್ಯಾದ ಹೇಳು. ಒಂದು ವಾರದಿಂದ ಬಾಯಾಗ ಏನೋ ಇಟ್ಕೊಂಡು ಅಡ್ಡಾಡಾಕತ್ತೀದಿ."

ಹೇಳಿದೆ. ತಲೆ ಎತ್ತದೆ, ಬೇಳೆ ನೋಡುತ್ತ, ಮೊದಲಿನಿಂದ ಹೇಳಿದೆ. ಕೊನೆಗೆ ತೀರಿಕೊಂಡ ಎಂಬ ಮಾತು ಬಾಯಿಗೆ ಬರದೆ ಅಲ್ಲಿಗೇ ನಿಲ್ಲಿಸಿದೆ.

ಅತ್ತೆ ಮೊರ ಕೆಳಗಿಟ್ಟಳು. "ಕಾರ್ಡ್ ತಗೊಂಡ್ ಬಾ."

ತಂದೆ. ಅತ್ತೆಗೆ ಓದು ಬರುವುದಿಲ್ಲ. ಕಾರ್ಡನ್ನು ಬಿಡಿಸಿ, ಹುಡುಕದೆ, ತಡವರಿಸದೆ ಬೆರಳನ್ನು ನೇರ ನಾಲ್ಕನೆಯ ಸಾಲಿನ ಮೇಲಿಟ್ಟಳು. ಎಷ್ಟು ಸಲ ಇಟ್ಟಿದ್ದಳೋ, ಅಲ್ಲಿ ಕಾಗದ ಮಾಸಿತ್ತು. ಅದನ್ನು ನಾನು ಮೊದಲು ಗಮನಿಸಿರಲಿಲ್ಲ.

"ನಿಮ್ಮ ಮಾವ ತಗಸ್ತೀನಿ ಅಂದಾಗೆಲ್ಲ ಇರಲಿ ಬಿಡ್ರಿ ಅಂದೆ," ಎಂದಳು. "ಆಮ್ಯಾಲ ನೀ ಬಂದಿ."

ಅಷ್ಟೇ. ಎದ್ದು ಒಳಗೆ ಹೋದಳು. ಮರುದಿನ ನನ್ನನ್ನು ಮಾತಾಡಿಸಲಿಲ್ಲ. ಅದರ ಮರುದಿನವೂ ಇಲ್ಲ. ರೊಟ್ಟಿ ಬಡಿದಿಟ್ಟರೆ ಅರ್ಧ ಮುರಿದು ಉಳಿದದ್ದನ್ನು ಮುಚ್ಚಿಡುವಳು. ಗಂಡ ನನ್ನ ಕಡೆ ನೋಡಿ, "ಹೇಳಬ್ಯಾಡ ಅಂದಿದ್ದೆ," ಎಂದ. ತಾಂಡೂರಿಗೆ ಹೋಗುವುದಿಲ್ಲವೆಂದು ನಾನು ಮನಸ್ಸಿನಲ್ಲೇ ಕೈ ಚೆಲ್ಲಿದೆ. ಮೇಡಂಗೂ ಹೇಳಿದೆ. ಅವರು ನನ್ನ ಪಕ್ಕ ಕೂತು ಹುಡುಗಿಯರ ನೋಟ್‌ಬುಕ್ಕುಗಳನ್ನು ತಿದ್ದಿದರು.

ಹೋಗಬೇಕಾದ ದಿನಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ನಾನು ಹಾಸ್ಟೆಲ್ಲಿಗೆ ಹೊರಟರೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆ, ಹಣೆಗೆ ವಿಭೂತಿ, ಕೈಯಲ್ಲಿ ಕಾರ್ಡಿನ ಚೀಲ.

"ನಡಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ತೋರಸು."

ಅರ್ಜಿ ಬರೆಯುವವರ ಮುಂದೆ ಆಕೆ ಬಾಯಿ ಬಿಡಲಿಲ್ಲ. ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರಿಸಿದೆ. ಆಕೆ ತಲೆಯಾಡಿಸಿದಳು, ಹೆಬ್ಬಟ್ಟು ಒತ್ತಿದಳು. "ಬಾಯಿಲೆ ಹೇಳಬೇಕಾಗ್ತದವ್ವ, ತಾಂಡೂರಿನ್ಯಾಗ ಕೇಳಿದ್ರ," ಎಂದರು ಅವರು. ಅತ್ತೆ ಕೇಳಿಸಿಕೊಂಡಳೋ ಇಲ್ಲವೋ.

ತಾಂಡೂರಿಗೆ ಬಸ್ಸು ಬದಲಿಸಿ ಹೋಗಬೇಕು. ಅತ್ತೆಗೆ ಬಸ್ಸು ಆಗಿಬರುವುದಿಲ್ಲ. ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಳು. ಊರು ಹತ್ತಿರ ಬಂದಂತೆ ಕಲ್ಲು ಕೊಯ್ಯುವ ಮಿಲ್ಲುಗಳ ಸದ್ದು, ರಸ್ತೆಯ ಗಿಡಗಳ ಮೇಲೆ ಬಿಳಿ ಧೂಳು. ನಾನು ಕಾಗದಗಳನ್ನು ಇನ್ನೊಮ್ಮೆ ಎಣಿಸಿದೆ. ಆಫೀಸಿನ ನೆಲಕ್ಕೂ ಅದೇ ಕಲ್ಲು, ನುಣ್ಣಗೆ, ತಣ್ಣಗೆ. ಅತ್ತೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಳು. ಬೇಡವೆಂದರೂ ಕೇಳಲಿಲ್ಲ.

ಒಳಗೆ ಕೂತಿದ್ದ ಅಧಿಕಾರಿ ಐವತ್ತರ ಹೆಂಗಸು, ತೆಲುಗಿನವರು. ಮೊದಲು ಇಂಗ್ಲಿಷಿನಲ್ಲೇ ಒಂದು ಪ್ರಶ್ನೆ ಕೇಳಿದರು. ಭೇಟಿಯ ಭಾನುವಾರ ಒಬ್ಬ ಹುಡುಗಿಯ ತಂದೆತಾಯಿ ಟರ್ನ್ ಅಪ್ ಆಗದಿದ್ದರೆ ನೀವೇನು ಮಾಡುತ್ತೀರಿ? ಟರ್ನ್ ಎಂದರೆ ತಿರುಗು. ಟರ್ನ್ ಅಪ್ ಎಂದರೆ ಬರುವುದು. ನನ್ನ ಪುಸ್ತಕದ ಮೂವತ್ತೊಂದನೆಯ ಪುಟ.

"ಐ ಸಿಟ್ ವಿತ್ ಹರ್," ಎಂದೆ. ಆಕೆಯ ಜೊತೆ ಕೂಡುತ್ತೇನೆ. ಮುಂದೆ ಹೇಳಲು ಇಂಗ್ಲಿಷ್ ಬರಲಿಲ್ಲ. ಅವರೂ ಹೆಚ್ಚು ಕೇಳಲಿಲ್ಲ, ಏನೋ ಬರೆದುಕೊಂಡು ಕಾಗದಗಳಿಗೆ ಕೈ ಚಾಚಿದರು.

ಮೆಮೊ ನೋಡಿದರು. ಆಧಾರ್ ನೋಡಿದರು. ರೇಷನ್ ಕಾರ್ಡು, ನೋಟರಿಯ ಕಾಗದ. ಹುಬ್ಬು ಗಂಟಾಯಿತು. ತೆಲುಗಿನಲ್ಲಿ ಕೇಳಿದರು: "ಈ ನಾಲ್ಕನೆಯವರು ಯಾರು? ನೀವೇ? ಹನ್ನೊಂದು ವರ್ಷ ಯಾರ ಹೆಸರಿನಲ್ಲಿ ಕೆಲಸ ಮಾಡಿದಿರಿ?"

ಮೂರು ಭಾಷೆಯೂ ಒಮ್ಮೆಲೇ ಬಿಟ್ಟುಹೋದವು.

ಹಿಂದಿನ ಬೆಂಚಿನಿಂದ ಅತ್ತೆ ಎದ್ದು ಬಂದಳು. ಮೇಜಿನ ಅಂಚು ಹಿಡಿದು ನಿಂತಳು.

"ನನ್ನ ಮಗಳು ಸತ್ತಾಳ್ರಿ," ಎಂದಳು. "ಒಂಬತ್ತು ವರ್ಷದಾಕಿ. ಜ್ವರ ಬಂದು ಸತ್ತಾಳ. ಈಕಿ ನನ್ನ ಸೊಸಿ. ಆ ಹೆಸರು ನಾ ಇಟ್ಟೀನಿ, ಆ ಸಾಲು ನಾ ತಗಸಿಲ್ಲ. ತಪ್ಪು ನಂದು. ಈಕಿಂದಲ್ಲ."

ಕನ್ನಡದಲ್ಲೇ ಹೇಳಿದಳು. ಅಧಿಕಾರಿಗೆ ತಿಳಿಯಿತೆಂದು ಅವರ ಮುಖದಿಂದ ಗೊತ್ತಾಯಿತು. ಬಳೆ ಒಡೆಯಿತೆಂದೂ ಅನ್ನದ ಬಾಯಿ ಆ ಮಾತನ್ನು ಎರಡು ಸಲ ಆಡಿತ್ತು. ಆಡಿ ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅಧಿಕಾರಿ ಅತ್ತೆಗೆ ಕೂಡಲು ಕುರ್ಚಿ ತೋರಿಸಿದರು. ನನಗೆ ಎರಡು ತಿಂಗಳ ಗಡುವು ಕೊಟ್ಟರು: ಕಾರ್ಡಿನಿಂದ ಆ ಹೆಸರು ತೆಗೆಸಿ, ಸೊಸೆ ಎಂದು ಮೆಮೊದ ಹೆಸರು ಸೇರಿಸಿ, ಆಧಾರ್ ತಿದ್ದಿಸಿ ತರಬೇಕು. ತಂದರೆ ಕೆಲಸ ಉಳಿಯುತ್ತದೆ, ತರದಿದ್ದರೆ ತಾನೂ ಏನೂ ಮಾಡಲಾರೆ ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅತ್ತೆ ನಿಂಬೆಹಣ್ಣನ್ನು ಮರೆತು ಮಡಿಲಲ್ಲಿಟ್ಟುಕೊಂಡಿದ್ದಳು. ಅರ್ಧ ದಾರಿ ಆಯಿತು. ನಾನೇ ಕೇಳಿದೆ.

"ಅತ್ತಿ, ಆ ಹೆಸರು ನನಗ್ಯಾಕ ಇಟ್ರಿ?"

"ಬಾಯಿಗಿ ರೂಢಿ ಆಗಿತ್ತು. ಕರದ್ರ ಓ ಅನ್ನಾಕ ಒಬ್ಬರು ಬೇಕಿತ್ತು."

"ನೀವು ಅಂಗಳದಿಂದ ಕರದಾಗ ನನಗ ಅಂಜಿಕಿ ಬರ್ತಿತ್ರಿ. ಯಾರರ ಓ ಅಂದ್ರ ಏನ್ ಮಾಡ್ಲಿ ಅಂತ ತಡೀತಿದ್ದೆ."

ಅತ್ತೆ ನನ್ನ ಕಡೆ ತಿರುಗಿದಳು. ಇಪ್ಪತ್ತಾರು ವರ್ಷದಲ್ಲಿ ಆಕೆ ಅಷ್ಟು ಹತ್ತಿರದಿಂದ ನನ್ನನ್ನು ನೋಡಿದ್ದು ನೆನಪಿಲ್ಲ.

"ನನಗೂ," ಎಂದಳು. "ನೀ ತಡ ಮಾಡಿದಷ್ಟೂ ನನಗೂ ಎದಿ ಹೊಡ್ಕೋತಿತ್ತು."

ಕಾರ್ಡು ತಿದ್ದಿಸಲು ಆರು ಸಲ ಓಡಾಡಿದೆ. ಗಡುವಿಗೆ ಒಂಬತ್ತು ದಿನ ಇರುವಾಗ ಹೊಸದು ಕೈಗೆ ಬಂತು, ಮೂರು ದಿನ ಇರುವಾಗ ಆಧಾರ್. ತಾಂಡೂರಿಗೆ ಒಬ್ಬಳೇ ಹೋಗಿ ಕೊಟ್ಟು ಬಂದೆ. ಕಾಯಂ ಆದ ಆದೇಶದಲ್ಲಿ ನನ್ನ ತವರಿನ ಹೆಸರಿದೆ. ಹಾಸ್ಟೆಲ್ಲಿನ ರಿಜಿಸ್ಟರಿನಲ್ಲಿ ಅದರ ಮುಂದೆ ಸಹಿ ಹಾಕುವಾಗ ಮೊದಮೊದಲು ಬೇರೆ ಯಾರದೋ ಮನೆಗೆ ಕೀಲಿ ಹಾಕಿದಂತೆ ಅನ್ನಿಸುತ್ತಿತ್ತು. ಈಗ ಕೈ ಕೂಡಿದೆ.

ಹೊಸ ಕಾರ್ಡನ್ನು ಅತ್ತೆಯ ಕೈಯಲ್ಲಿಟ್ಟ ದಿನ ಆಕೆ ಬೆರಳನ್ನು ರೂಢಿಯಂತೆ ನಾಲ್ಕನೆಯ ಸಾಲಿನ ಮೇಲಿಟ್ಟಳು. "ಇಲ್ಲಿ ಯಾರಿದ್ದಾರ?" ಎಂದಳು. "ನಾನ್ರಿ," ಎಂದೆ. ತಲೆಯಾಡಿಸಿ, ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟು, ಹೊಸದನ್ನು ಅದರ ಮೇಲಿಟ್ಟು ಡಬ್ಬಿ ಮುಚ್ಚಿದಳು.

ಅಂದಿನಿಂದ ಮೂರು ದಿನ ಆಕೆ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. "ಕೇಳಿಲ್ಲಿ," "ಇತ್ಲಾಗ ಬಾ," ಅಷ್ಟೇ. ಬೇರೆಲ್ಲ ಅಂಜಿಕೆ ಒಂದು ತೂಕವಾದರೆ ಇದು ಒಂದು. ಇಷ್ಟು ವರ್ಷ ಕರೆದರೆ ಅಂಜುತ್ತಿದ್ದವಳು ಈಗ ಕರೆಯದೆ ಹೋದರೆ ಎಂದು ಅಂಜಿದೆ. ಮಧ್ಯಾಹ್ನ ಒಲೆಯ ಮುಂದೆ ಕೂತರೆ ಅಂಗಳ ಖಾಲಿ ಖಾಲಿ.

ನಾಲ್ಕನೆಯ ದಿನ ನಾನು ಹಿತ್ತಲಲ್ಲಿ ಹಾಸ್ಟೆಲ್ಲಿನ ಹೊದಿಕೆಗಳಿಗೆ ತೇಪೆ ಹಾಕುತ್ತಿದ್ದೆ. ಒಳಗಿನಿಂದ ಅತ್ತೆ ಕೂಗಿದಳು. ಅದೇ ಹೆಸರು, ಅದೇ ಉದ್ದ. ಸೂಜಿ ನಿಂತಿತು. ರೂಢಿಯಂತೆ ಒಂದು ಉಸಿರು ಕಾದೆ. ಬೇರೆ ಯಾರೂ ಓ ಎನ್ನಲಿಲ್ಲ.

"ಓ," ಎಂದೆ.

"ಹಾಲು ಉಕ್ಕಾಕತ್ತದ! ಕಿವಿ ಎಲ್ಲಿಟ್ಟೀದಿ?"